ಮಾರಿಕುಪ್ಪಂ ರೈಲಿನಲ್ಲಿ ಜ್ಞಾನಪ್ರಸರಣ: ಒಂದು ವಿದ್ವತ್ ಜಿಜ್ಞಾಸೆ

ಮಾನವ ಸಂಪನ್ಮೂಲ ನೀತಿಗಳಿಗೂ ಅಧ್ಯಾಪಕರ ಜ್ಞಾನ ಹಂಚಿಕೆಗೂ ಇರುವ ಸಂಬಂಧವನ್ನು ಪಂಡಿತರು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಚರ್ಚಿಸಿ ಊಟ ಮಾಡಿ ಹೋಗಿದ್ದಾರೆ. ಪ್ರಸ್ತುತ ಅಧ್ಯಯನದ ಕ್ಷೇತ್ರ ಬಂಗಾರಪೇಟೆ ಜಂಕ್ಷನ್. ಪರಿಕರ, ಒಂದು ಸೀಸನ್ ಪಾಸು. ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾದಾಗ ಇಲ್ಲಿನ ಮತ್ತು ಕೆಜಿಎಫ್‌ನ ಪದವಿ ಕಾಲೇಜುಗಳು ಬೆಂಗಳೂರು ಉತ್ತರದ ಪಾಲಿಗೆ ಬಂದವು. ಮೇಷ್ಟ್ರುಗಳಲ್ಲಿ ಹಲವರು ಮಾತ್ರ ಇಂದಿಗೂ ಸಂಜೆಯಾದರೆ ಬೆಂಗಳೂರಿನ ಪಾಲು.

ಮೊದಲ ಪ್ರಮೇಯ ಅತಿಥಿ ಉಪನ್ಯಾಸಕರದು. ಬೇರೆ ಕಡೆ ಅತಿಥಿ ಯಾವಾಗ ಹೊರಡುತ್ತಾನೋ ಎಂದು ಮನೆಯವರು ಕಾಯುತ್ತಾರೆ. ಇಲ್ಲಿ ತನ್ನನ್ನು ಮತ್ತೆ ಯಾವಾಗ ಕರೆಯುತ್ತಾರೋ ಎಂದು ಅತಿಥಿಯೇ ಕಾಯುತ್ತಾನೆ. 2022ರಲ್ಲಿ ಸರ್ಕಾರ ಗೌರವಧನ ಏರಿಸಿತು, ಜೊತೆಗೆ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿತು. ಇಬ್ಬರ ಪಾಠ ಒಬ್ಬನ ಹೊಟ್ಟೆಗೆ ಹೋಯಿತು. ಮೇಲಾಗಿ ಪಠ್ಯಕ್ರಮವೂ ನಿಲ್ಲಲಿಲ್ಲ: 2021ರಲ್ಲಿ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್ಇಪಿ) ಬಂತು, 2024ರಲ್ಲಿ ಹೋಯಿತು. ಹೀಗಾಗಿ ಹೊಸ ನೋಟ್ಸು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಅದಿರಿಗಿಂತ ದುಬಾರಿ. ಸ್ಟಾಫ್‌ರೂಮಿನಲ್ಲಿ ದಾಖಲಿಸಿಕೊಂಡ ಸಂವಾದ:

"ಸಾರ್, ಥರ್ಡ್ ಸೆಮ್ ಸೆಕೆಂಡ್ ಯೂನಿಟ್ ನೋಟ್ಸ್ ಇದ್ಯಾ?"

"ಇತ್ತು ಸಾರ್. ಪೆನ್‌ಡ್ರೈವ್ ಕರಪ್ಟ್ ಆಗ್ಬಿಡ್ತು."

ಮರುನೇಮಕದ ಕೌನ್ಸೆಲಿಂಗ್ ಹತ್ತಿರ ಬಂದಾಗಲೇ ಪೆನ್‌ಡ್ರೈವ್‌ಗಳು ಕೆಡುವುದೇಕೆ ಎಂಬುದನ್ನು ಭೌತಶಾಸ್ತ್ರದವರು ಪರಿಶೀಲಿಸಬೇಕು. ಬಂಗಾರಪೇಟೆ ಪಾನಿಪುರಿಯ ನೀರು ಕಣ್ಣಿಗೆ ತಿಳಿ. ಬಾಯಿಗೆ ಬಿದ್ದಾಗಲೇ ಒಳಗಿನ ಖಾರ ಗೊತ್ತಾಗುವುದು. ಸ್ಟಾಫ್‌ರೂಮಿನ ಸೌಜನ್ಯವೂ ಇದೇ ಜಾತಿಯದು.

ಕಾಯಂ ಅಧ್ಯಾಪಕರ ವಿಷಯ ಬೇರೆ. ಅವರಿಗೆ ಕುರ್ಚಿಯ ಭಯವಿಲ್ಲ, ಬಡ್ತಿಯ ಅಂಕದ ಭಯ. ಯುಜಿಸಿಯ 2018ರ ನಿಯಮದಂತೆ ಇಬ್ಬರು ಸೇರಿ ಲೇಖನ ಬರೆದರೆ ತಲಾ ಶೇ. 70 ಅಂಕ. ಕೂಡಿದರೆ 140! ಜ್ಞಾನ ಹಂಚಿದಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಬರೀ ಹೇಳಿದ್ದರು, ಯುಜಿಸಿ ಲೆಕ್ಕ ಹಾಕಿಯೇ ತೋರಿಸಿತು. ಆದರೆ ಮೇಷ್ಟ್ರ ಕಣ್ಣಿಗೆ ಬೀಳುವುದು ಕೈಬಿಟ್ಟುಹೋದ 30 ಮಾತ್ರ.

ಹಂಚಿಕೊಳ್ಳದ ಈ ಜಿಪುಣತನಕ್ಕೆ ಇಲ್ಲಿನ ಮಣ್ಣಿನ ಗುಣ ಕಾರಣವೆನ್ನುವಂತಿಲ್ಲ. 1965ರಲ್ಲಿ ಇದೇ ಕೆಜಿಎಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಒಟ್ಟಿಗೆ ಕೂತು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಭೂಮಿಯನ್ನೇ ದಾಟಿಹೋಗುವ ಆ ಕಣದ ಸಂಗತಿಯನ್ನು ಮೂರು ದೇಶದವರು ಹಂಚಿಕೊಂಡರು. ಅವರಲ್ಲಿ ಯಾರೂ ಮುಂದಿನ ಜೂನ್‌ಗೆ ಮತ್ತೆ ಅರ್ಜಿ ಹಾಕಬೇಕಿರಲಿಲ್ಲವೆಂಬುದು ಪ್ರಸ್ತುತ ಲೇಖಕನ ನಮ್ರ ಊಹೆ.

ಹಾಗಾದರೆ ಜ್ಞಾನ ಹಂಚಿಕೆ ನಡೆಯುವುದೆಲ್ಲಿ? ಬೆಂಗಳೂರಿಗೆ ಮರಳುವ ಸಂಜೆಯ ಮಾರಿಕುಪ್ಪಂ ರೈಲಿನಲ್ಲಿ. ಟೇಕಲ್ ದಾಟುವಷ್ಟರಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚಿಕೊಳ್ಳುತ್ತದೆ, ಕೆಟ್ಟುಹೋದ ಪೆನ್‌ಡ್ರೈವ್ ಮಾಲೂರಿನಲ್ಲಿ ತಾನಾಗಿಯೇ ಗುಣವಾಗುತ್ತದೆ. "ತಗೊಳಿ ಮೇಡಂ, ಯಾರಿಗೂ ಹೇಳ್ಬೇಡಿ" ಎಂಬ ಷರತ್ತಿನ ಮೇಲೆ ಒಂದೇ ನೋಟ್ಸು ವೈಟ್‌ಫೀಲ್ಡಿನೊಳಗೆ ಬೋಗಿಯ ನಾಲ್ಕು ಮೊಬೈಲು ಸುತ್ತುತ್ತದೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ರೈಲು ನಿಂತರಂತೂ ಪ್ರಶ್ನೆಪತ್ರಿಕೆಯ ಮಾದರಿಯೂ ಹೊರಬೀಳುತ್ತದೆ. ಅಧ್ಯಾಪಕರ ತರಬೇತಿಗೆ ರೈಲ್ವೆ ಇಲಾಖೆ ವಿಳಂಬದ ಮೂಲಕ ಸಲ್ಲಿಸುತ್ತಿರುವ ಸೇವೆಯನ್ನು ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ತಂಡ ಇನ್ನೂ ಗುರುತಿಸಿಲ್ಲ.

ಈ ಬೋಗಿಗೇ ಅಂಕ ಕೊಡಬೇಕೆಂದು ಮೊದಲ ಕರಡಿನಲ್ಲಿ ಶಿಫಾರಸು ಮಾಡಲಾಗಿತ್ತು, ಈಗ ಹಿಂತೆಗೆದುಕೊಳ್ಳಲಾಗಿದೆ. ಅಂಕ ಬಂದರೆ ಹಾಜರಿ ಪುಸ್ತಕ ಬರುತ್ತದೆ, ಪಾಸಿನ ಮೇಲೆ ಪ್ರಾಂಶುಪಾಲರ ಸಹಿ, ಮೊಹರು ಬೇಕಾಗುತ್ತದೆ. ಮೊಹರು ಬಿದ್ದ ಮರುದಿನವೇ ಮಾಲೂರು ಬಂದರೂ ಯಾರ ಪೆನ್‌ಡ್ರೈವೂ ಗುಣವಾಗುವುದಿಲ್ಲ.