ಕಿವಿ ಮೇಲಿನ ಹೂವು, ಈಗ ಬ್ಲೂಟೂತ್ ಸಮೇತ

ಕೌತಾಳಂನಿಂದ ಆದೋನಿಗೆ ಹೋಗುವ ಆಂಧ್ರ ಸಾರಿಗೆಯ ಪಲ್ಲೆವೆಲುಗು ಬಸ್ಸಿನಲ್ಲಿ ಹೆಡ್‌ಫೋನ್ ಇಲ್ಲದ ಹುಡುಗರಿಲ್ಲ. ಅದನ್ನು ಕಿವಿಗೆ ಹಾಕಿಕೊಂಡವರೂ ಇಲ್ಲ. ನೆಕ್‌ಬ್ಯಾಂಡು ಕೊರಳಲ್ಲಿ ತಾಳಿಯ ಹಾಗೆ ನೇತಾಡುತ್ತಿರುತ್ತದೆ. ಫೋನು ಅಂಗೈಯಲ್ಲಿ ಸ್ಪೀಕರ್ ಹರಿಯುವಂತೆ ಒದರುತ್ತಿರುತ್ತದೆ. ಮುಂದಿನ ಸೀಟಿನಲ್ಲಿ ತೆಲುಗು ಡ್ಯೂಯೆಟ್ಟು. ಹಿಂದಿನ ಸೀಟಿನಲ್ಲಿ ಉತ್ತರ ಕರ್ನಾಟಕದ ಡಿಜೆ ಜಾನಪದ. ನಡುವೆ ಯಾರದೋ ರೀಲ್ಸು. 1953ರ ಅಕ್ಟೋಬರ್ 1ರಂದು ಆದೋನಿ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರಕ್ಕೆ ಸೇರಿಸಿದರು. ಬಸ್ಸಿನ ಗದ್ದಲ ಆ ಗಡಿಯನ್ನು ಇನ್ನೂ ಒಪ್ಪಿಕೊಂಡಿಲ್ಲ.

"ಯಾಕಪ್ಪಾ, ಕಿವಿಗೆ ಹಾಕ್ಕೋಬಾರ್ದಾ?" ಅಂದರೆ, "ಚಾರ್ಜ್ ಇಲ್ಲಣ್ಣಾ" ಅನ್ನುತ್ತಾನೆ.

ಪೆಟ್ಟಿಗೆಯ ಮೇಲೆ 50 ಗಂಟೆ ಅಂತ ಬರೆದಿತ್ತು. ಆ 50 ಗಂಟೆಯ ಪಕ್ಕ ಒಂದು ನಕ್ಷತ್ರ ಚಿಹ್ನೆ ಇತ್ತು. ನಕ್ಷತ್ರದ ವಿವರ ಪೆಟ್ಟಿಗೆಯ ತಳದಲ್ಲಿ, ಇರುವೆಗಷ್ಟೇ ಓದಲು ಬರುವ ಅಕ್ಷರದಲ್ಲಿತ್ತು: ಸುಮಾರು ಅರ್ಧ ವಾಲ್ಯೂಮ್ ಇಟ್ಟರೆ ಮಾತ್ರ. ನಮ್ಮ ಬಸ್ಸಿನ ಇಂಜಿನ್ನಿನ ಪಕ್ಕ ಅರ್ಧ ವಾಲ್ಯೂಮ್‌ನಲ್ಲಿ ಹಾಡು ಕೇಳಿಸಿದರೆ ಆ ಕಿವಿಯನ್ನು ಮ್ಯೂಸಿಯಂನಲ್ಲಿ ಇಡಬೇಕು. ಕಿವಿಯೊಳಗೆ ತೂರಿಸುವ ಬಡ್‌ಗಳದ್ದಂತೂ ಇನ್ನೂ ಚೆಂದ. ಅಲ್ಲಿ 50 ಗಂಟೆ ಅಂದರೆ ಚಾರ್ಜಿಂಗ್ ಡಬ್ಬಿಯ ಬ್ಯಾಟರಿಯೂ ಸೇರಿ. ಡಬ್ಬಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆದೋನಿಯ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ. "ಹಾಡು ಕೇಳೋಕೆ ಒಳ್ಳೇದೊಂದು ಕೊಡಪ್ಪಾ" ಅನ್ನಿ. ಹುಡುಗ ಕೇಳುವುದು ಒಂದೇ ಪ್ರಶ್ನೆ: "ಎಷ್ಟರೊಳಗೆ ಬೇಕಣ್ಣಾ?" ಯಾವ ಹಾಡು ಕೇಳುತ್ತೀರಿ ಅನ್ನುವುದಿಲ್ಲ. ಎಲ್ಲಿ ಕೂತು ಕೇಳುತ್ತೀರಿ ಅನ್ನುವುದಿಲ್ಲ. ಗಾಜಿನ ಮೇಲೆ ಐದಾರು ಪೆಟ್ಟಿಗೆ ಸುರಿದು, "ಇದು ತಗೊಳ್ರಿ, ಬೇಸ್ ಜಾಸ್ತಿ ಐತಿ. ಆಲ್‌ರೌಂಡರ್ ಇದು. ಕಾಲಿಂಗು, ಗೇಮಿಂಗು, ಜಿಮ್ಮು, ಎಲ್ಲದಕ್ಕೂ ನಡೀತೈತಿ" ಅನ್ನುತ್ತಾನೆ. ಪಟ್ಟಿಯಲ್ಲಿ ಹಾಡು ಇಲ್ಲ.

ಬೆಲೆ ನೋಡಿ. ಮೇಲೆ 4,990 ಅಂತ ಬರೆದು ಅಡ್ಡಗೆರೆ. ಕೆಳಗೆ 999. ಆ 4,990ಕ್ಕೆ ಈ ಭೂಮಿಯ ಮೇಲೆ ಒಬ್ಬನಾದರೂ ಕೊಂಡಿದ್ದರೆ ಅವನಿಗೊಂದು ಸನ್ಮಾನ ಮಾಡಬೇಕು. ಅದು ಬೆಲೆಯಲ್ಲ, ಹೊಡೆದುಹಾಕಲೆಂದೇ ಹುಟ್ಟಿಸಿದ ಅಂಕಿ. ನಾವು ಮಾತ್ರ ನಾಲ್ಕು ಸಾವಿರ ಉಳಿಸಿದೆವೆಂದು ಮನೆಗೆ ಬಂದು ಹೇಳುತ್ತೇವೆ. ಹತ್ತಿ ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ ನೂರು ರೂಪಾಯಿಗೆ ಅರ್ಧ ದಿನ ಜಗ್ಗಾಡುವ ಊರು ನಮ್ಮದು. ಒಂದು ಅಡ್ಡಗೆರೆಗೆ ಬಿದ್ದುಹೋಯಿತು.

ಇನ್ನು ಪೆಟ್ಟಿಗೆಯ ಮೇಲಿನ ವಿಜ್ಞಾನ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಇರುತ್ತದೆ. ನೂರೈವತ್ತು ರೂಪಾಯಿಯದರ ಮೇಲೂ ಅದೇ, ಹದಿನೈದು ಸಾವಿರದ್ದರ ಮೇಲೂ ಹೆಚ್ಚಾಗಿ ಅದೇ. ಅದು ಮನುಷ್ಯನ ಕಿವಿ ಕೇಳಬಲ್ಲ ಮಿತಿ. ಅಂದರೆ ನಮ್ಮ ಕಿವಿಯ ಗುಣವನ್ನೇ ಕಂಪನಿ ತನ್ನ ಗುಣವೆಂದು ಅಚ್ಚು ಹಾಕಿಸಿ ನಮಗೇ ಮಾರುತ್ತಿದೆ. ಯಾವ ಹರ್ಟ್ಸ್‌ನಲ್ಲಿ ದನಿ ಎಷ್ಟು ಏರುತ್ತದೆ, ಎಷ್ಟು ಬೀಳುತ್ತದೆ ಅನ್ನುವುದನ್ನು ಹೇಳದ ಹೊರತು ಆ ಅಂಕಿಗೆ ಅರ್ಥವಿಲ್ಲ. ಅದನ್ನು ಹೇಳುವುದಿಲ್ಲ. ಮೇಲಾಗಿ ನಡುವಯಸ್ಸು ದಾಟಿದವರಿಗೆ ಆ ಮೇಲ್ತುದಿಯ ಸಾವಿರಾರು ಹರ್ಟ್ಸ್ ಕೇಳಿಸುವುದೇ ಇಲ್ಲ. ದುಡ್ಡು ಕೊಡುವವರು ಹೆಚ್ಚಾಗಿ ಅವರೇ.

ಇಎನ್‌ಸಿ ಅಂತ ಇನ್ನೊಂದು. "ನಾಯ್ಸ್ ಕ್ಯಾನ್ಸಲ್ ಐತ್ರಿ" ಅಂತ ಹುಡುಗ ಎದೆ ತಟ್ಟಿ ಹೇಳುವುದು ಇದನ್ನೇ. ಇದು ಕೆಲಸ ಮಾಡುವುದು ಮೈಕಿನಲ್ಲಿ. ನಿಮ್ಮ ಸುತ್ತಲ ಗದ್ದಲವನ್ನು ಫೋನಿನ ಆ ಕಡೆ ಇರುವವನಿಗೆ ಕೇಳಿಸದಂತೆ ತಡೆಯುತ್ತದೆ. ನಿಮಗಲ್ಲ. ದುಡ್ಡು ನಿಮ್ಮದು, ನೆಮ್ಮದಿ ಸಾಲ ವಸೂಲಿಗೆ ಫೋನ್ ಮಾಡಿದವನದು.

ಎಎನ್‌ಸಿ ಬೇರೆ. ಅದು ನಿಜಕ್ಕೂ ಕೇಳುವವನ ಕಿವಿಗೆ ಗದ್ದಲ ತಗ್ಗಿಸಲು ಇರುವುದು. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಇದರ ಹೊಳಹು ಬಂದದ್ದು 1978ರಲ್ಲಿ, ವಿಮಾನದಲ್ಲಿ. ವಿಮಾನದ ಮೊರೆತ ಒಂದೇ ಸಮ, ತಗ್ಗಿನ ಸ್ವರ. ಅಂಥದ್ದನ್ನು ಈ ಯಂತ್ರ ಚೆನ್ನಾಗಿ ನುಂಗುತ್ತದೆ. ತಟ್ಟನೆ ಏಳುವ ಹಾರ್ನು, ಮಗುವಿನ ಅಳು, ಮಾತು ಇವುಗಳ ಮುಂದೆ ಅದರ ಆಟ ಅಷ್ಟಕ್ಕಷ್ಟೇ. ಆದ್ದರಿಂದ ನಮ್ಮ ಬಸ್ಸಿನಲ್ಲಿ ಅಗ್ಗದ ಎಎನ್‌ಸಿ ಮಾಡುವ ಉಪಕಾರ ಇಷ್ಟು: ಇಂಜಿನ್ನಿನ ಸದ್ದು ತಗ್ಗಿಸಿ, ಪಕ್ಕದವನ ರೀಲ್ಸನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಬೇಸು. ಈ ಕಾಲದ ಮಹಾಮಾರಿ. ಪರೀಕ್ಷೆಗೆ ಅಂಗಡಿಯವನ ಬಳಿ ಒಂದೇ ಹಾಡು ಇರುತ್ತದೆ, ಅದರಲ್ಲಿ ಹಾಡು ಇರುವುದಿಲ್ಲ. ಎರಡು ಗುದ್ದು, ಒಂದು ಸೀಟಿ, ಮತ್ತೆ ಎರಡು ಗುದ್ದು. ತಲೆ ಗಡಗಡ ಅಂದರೆ ಮಾಲು ಪಾಸು. ಅದನ್ನೇ ತಂದು ಮನೆಯಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿ ನೋಡಿ. ಕಾಕಿನಾಡದಲ್ಲಿ ಹುಟ್ಟಿ ಕನ್ನಡದ ರಾಜ್‌ಕುಮಾರ್‌ಗೆ ದನಿಯಾದವರು. ರೇಷ್ಮೆಯಂಥ ಆ ಕಂಠ ಗೋಣಿಚೀಲದೊಳಗಿಂದ ಬರುತ್ತದೆ. ಆಗಿನ ಗುಂಟೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್. ಜಾನಕಿ ಅವರ ಕನ್ನಡವೂ ಅದೇ ಚೀಲದಲ್ಲಿ. ಹಾಡಿನ ಸಾಹಿತ್ಯ ಬಿಡಿಬಿಡಿಯಾಗಿ ತಿಳಿಯಬೇಕಾದರೆ ಸುಮಾರು 1,000ದಿಂದ 4,000 ಹರ್ಟ್ಸ್‌ವರೆಗಿನ ಭಾಗ ಸ್ವಚ್ಛವಾಗಿರಬೇಕು. ಈ ಮಾಲಿನಲ್ಲಿ ಆ ಭಾಗದ ಮೇಲೆ ಬೇಸು ಕೂತಿರುತ್ತದೆ.

ತಮಾಷೆ ಏನೆಂದರೆ, ಬೇಸು ಬೇಕಾದವರಿಗೂ ಅದನ್ನು ಪಡೆಯುವ ದಾರಿ ಗೊತ್ತಿಲ್ಲ. ಪೆಟ್ಟಿಗೆಯೊಳಗೆ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಎರಡು ಜೊತೆ ರಬ್ಬರ್ ಟೋಪಿ, ಒಂದು ಸಣ್ಣದು, ಒಂದು ದೊಡ್ಡದು. ನಡುವಿನ ಅಳತೆಯದು ಮೊದಲೇ ಇಯರ್‌ಫೋನಿಗೆ ಸಿಕ್ಕಿಸಿರುತ್ತದೆ. ಆ ಚೀಲ ಬಿಚ್ಚಿದವರನ್ನು ನಾನು ಕಂಡದ್ದು ಕಡಿಮೆ. ಪೆಟ್ಟಿಗೆಯ ಜೊತೆಗೇ ಕಸಕ್ಕೆ. ಎಲ್ಲರ ಕಿವಿಯ ತೂತೂ ಒಂದೇ ಅಳತೆ ಅಂತ ನಂಬಿಕೆ. ಟೋಪಿ ಸರಿಯಾಗಿ ಕೂತು ಗಾಳಿ ಸೋರದೆ ಇದ್ದರೆ ಮುನ್ನೂರರ ಇಯರ್‌ಫೋನಿನಲ್ಲೂ ಬೇಸು ಬರುತ್ತದೆ, ಹೊರಗಿನ ಸದ್ದೂ ತಗ್ಗುತ್ತದೆ. ಸೋರಿದರೆ ಮೂರು ಸಾವಿರದ್ದೂ ಕೀರಲು. ನಾವು ಒಂದು ರಬ್ಬರ್ ಬದಲಾಯಿಸಲು ಸೋಮಾರಿಗಳು. ಆದ್ದರಿಂದ ಇಯರ್‌ಫೋನನ್ನೇ ಬದಲಾಯಿಸುತ್ತೇವೆ.

ವೈರ್ ಇರುವುದನ್ನು ಕೇಳಿದರೆ ಅಂಗಡಿಯ ಹುಡುಗ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. "ಅದು ಹಳೇದಾತಲ್ಲಣ್ಣಾ." ಹಳೆಯದಾದದ್ದು ಹೇಗೆ ಅಂತ ಅವನಿಗೆ ಯಾರೂ ಹೇಳಿಲ್ಲ. ಸೋನಿ 1979ರಲ್ಲಿ ಮೊದಲ ವಾಕ್‌ಮನ್ ತಂದಾಗ ಅದರಲ್ಲಿ ಹೆಡ್‌ಫೋನ್ ಪಿನ್ನಿನ ತೂತು ಎರಡಿದ್ದವು, ಇಬ್ಬರು ಕೂಡಿ ಕೇಳಲಿ ಅಂತ. 2016ರಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ ಇದ್ದ ಒಂದನ್ನೂ ಮುಚ್ಚಿತು. ಅದಕ್ಕೆ ಧೈರ್ಯ ಅಂತ ಹೆಸರಿಟ್ಟಿತು. ಅದೇ ಡಿಸೆಂಬರಿನಲ್ಲಿ ಏರ್‌ಪಾಡ್ಸ್ ಮಾರಾಟಕ್ಕಿಟ್ಟಿತು. ಅದನ್ನು ಕಂಡು ಜಾಹೀರಾತಿನಲ್ಲಿ ನಕ್ಕ ಸ್ಯಾಮ್‌ಸಂಗ್ 2019ರಲ್ಲಿ ತನ್ನ ನೋಟ್ 10ರ ತೂತನ್ನೂ ಮುಚ್ಚಿತು. ನಕ್ಕ ಜಾಹೀರಾತನ್ನೂ ತೆಗೆಯಿತು.

ಹತ್ತು ಸಾವಿರದ ಆಸುಪಾಸಿನ ಎಷ್ಟೋ ಫೋನುಗಳಲ್ಲಿ ಆ ತೂತು ಈಗಲೂ ಇದೆ. ಲಕ್ಷದ ಫೋನಿನಲ್ಲಿ ಇಲ್ಲ. ಇರುವವನಿಗೆ ಅದು ನಾಚಿಕೆ.

ಕಳೆದುಕೊಂಡದ್ದು ಬರೀ ತೂತಲ್ಲ. ಫೋನಿನ ಎಫ್‌ಎಂ ರೇಡಿಯೊಗೆ ಇಯರ್‌ಫೋನ್ ವೈರೇ ಆಂಟೆನಾ. ವೈರ್ ಹೋಯಿತು, ರೇಡಿಯೊ ಸತ್ತಿತು. ಬಿರುಗಾಳಿ, ನೆರೆ ಬಂದಾಗ ಜನರಿಗೆ ಸುದ್ದಿ ಮುಟ್ಟಲು ಎಫ್‌ಎಂ ಬೇಕು, ಅದನ್ನು ಫೋನುಗಳಲ್ಲಿ ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಬುದ್ಧಿ ಹೇಳಿತು. ಆಂಟೆನಾ ಎಲ್ಲಿಂದ ತರಬೇಕು ಅನ್ನುವುದನ್ನು ಪ್ರಜೆಗಳ ಜಾಣತನಕ್ಕೆ ಬಿಟ್ಟಿತು.

ಈಗ 'ಅಗ್ಗ' ಅನ್ನುವುದಕ್ಕೆ ಬರೋಣ. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ವಿಡಿಯೊ ಮಾಡುವವರಿದ್ದಾರೆ. ಹಿಂದೆ ನೀಲಿ ದೀಪ, ಮುಂದೆ ಕಂಪನಿ ಪುಕ್ಕಟೆ ಕಳಿಸಿದ ಪೆಟ್ಟಿಗೆ. "ಫ್ರೆಂಡ್ಸ್, ಬಜೆಟ್‌ನಲ್ಲಿ ಬೆಸ್ಟ್" ಅಂತ ಶುರು ಮಾಡಿ, ಬೆಲೆ ಎಂಟು ಸಾವಿರ ಅನ್ನುತ್ತಾರೆ. ತನ್ನ ಜೇಬಿನಿಂದ ಒಂದು ರೂಪಾಯಿ ಹೋಗದವನಿಗೆ ಎಲ್ಲವೂ ಬಜೆಟ್ಟೇ. ಕೌತಾಳಂ, ಕೋಸಿಗಿ ಕಡೆಯ ಹಳ್ಳಿಗಳಿಂದ ಪ್ರತಿ ವರ್ಷ ಕುಟುಂಬ ಕುಟುಂಬವೇ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತದೆ. ಮನೆಗೆ ಬೀಗ, ಶಾಲೆಯ ಹಾಜರಿಯಲ್ಲಿ ಖಾಲಿ ಗೆರೆ. ಗುಳೆಯ ಲಾರಿಯಲ್ಲಿ ಹೋಗುವ ಹುಡುಗನಿಗೂ ಹಾಡು ಬೇಕು. ಬೇರೆಯವರಿಗಿಂತ ಹೆಚ್ಚೇ ಬೇಕು. ಸಾವಿರ ರೂಪಾಯಿ ಅವನಿಗೆ ಘಾಟಿನಲ್ಲಿ ಕಣ್ಣುರಿಸಿಕೊಂಡು ದುಡಿದ ದಿನಗಳ ಲೆಕ್ಕ. ಹೊಲದ ಗುಡಿಸಲಲ್ಲಿ ಒಂದು ಪ್ಲಗ್ಗಿಗೆ ಹತ್ತು ಫೋನು ಕಾಯುತ್ತಿರುತ್ತವೆ. ಅವನಿಗೆ ನಾವು ಮಾರುವುದು ದಿನಾ ಚಾರ್ಜು ಕೇಳುವ, ಎರಡು ಮೂರು ವರ್ಷಕ್ಕೆ ಬ್ಯಾಟರಿ ಬತ್ತುವ, ಬ್ಯಾಟರಿ ಬದಲಿಸಲು ಬಿಚ್ಚಲೂ ಬಾರದ ಮಾಲು. ಒಂದು ಬಡ್ಡು ಮೆಣಸಿನ ಸಾಲಿನಲ್ಲಿ ಬಿತ್ತೆಂದರೆ ಇನ್ನೊಂದರಲ್ಲಿ ಅರ್ಧ ಹಾಡು.

ದೇಶಭಕ್ತಿಯ ವಿಷಯವನ್ನೂ ಮುಗಿಸಿಬಿಡೋಣ. 2020ರ ಜೂನ್‌ನಲ್ಲಿ ಗಲ್ವಾನ್ ಘರ್ಷಣೆ ಆದ ಮೇಲೆ ಚೀನಾ ಮಾಲು ಮುಟ್ಟುವುದಿಲ್ಲ ಅಂದವರು ಎಷ್ಟು ಜನ! ಪೆಟ್ಟಿಗೆಯ ಮುಂದೆ ಕ್ರಿಕೆಟಿಗನ ಚಿತ್ರ ನೋಡಿ ಕೊಳ್ಳುತ್ತಾರೆ. ತಯಾರಾದ ದೇಶದ ಹೆಸರು ಹಿಂದೆ ಇರುತ್ತದೆ. ತಿರುಗಿಸಿ ನೋಡುವುದಿಲ್ಲ. ತಿರುಗಿಸಿದರೆ ಕೆಲವು ಸಲ ದೇಶಭಕ್ತಿಗೆ ತೊಂದರೆ.

ಅಪ್ಪಂದಿರದು ಮತ್ತೊಂದು ನಾಟಕ. "ತೆಗಿಯೋ ಅದನ್ನ, ಕಿವುಡ ಆಗ್ತಿ" ಅಂತ ಮಗನಿಗೆ ಗದರುತ್ತಾರೆ. ಮಾತು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ. ಫೋನು ಎಚ್ಚರಿಕೆ ತೋರಿಸುತ್ತದೆ, ನಾವು ಓದದೆ ಓಕೆ ಒತ್ತುತ್ತೇವೆ. ಆದರೆ ಅದೇ ಅಪ್ಪ ಮಗಳ ಮದುವೆಗೆ ಟ್ರ್ಯಾಕ್ಟರ್ ತುಂಬ ಡಿಜೆ ಬಾಕ್ಸು ಪೇರಿಸಿ, ಮಧ್ಯರಾತ್ರಿವರೆಗೆ ಇಡೀ ಓಣಿಯ ಎದೆ ನಡುಗಿಸುತ್ತಾನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದಲೂ ಇದೆ. ನಿಯಮಕ್ಕೆ ಕಿವಿ ಕೇಳಿಸುವುದಿಲ್ಲ.

ಬೈಕಿನವರು ಇನ್ನೂ ಮೇಲು. 2023ರಲ್ಲಿ ಆಂಧ್ರದಲ್ಲೆಲ್ಲ ಒಂದು ಗುಲ್ಲೆದ್ದಿತು: ಗಾಡಿ ಓಡಿಸುವಾಗ ಇಯರ್‌ಫೋನ್ ಹಾಕಿದರೆ 20,000 ರೂಪಾಯಿ ದಂಡ. ಅದು ಸುಳ್ಳು ಸುದ್ದಿ ಎಂದು ಸಾರಿಗೆ ಇಲಾಖೆಯೇ ಬಾಯಿಬಿಟ್ಟು ಹೇಳಬೇಕಾಯಿತು. ಗುಲ್ಲು ಇದ್ದಷ್ಟು ದಿನ ಕಿವಿಗಳು ಖಾಲಿ. ಸುಳ್ಳೆಂದು ತಿಳಿದ ಕೂಡಲೇ ಮತ್ತೆ ತುಂಬಿದವು. ಹಿಂದಿನಿಂದ ಬರುವ ಲಾರಿಯ ಹಾರ್ನಿಗೆ ಇಪ್ಪತ್ತು ಸಾವಿರದ ಬೆಲೆಯೂ ಇಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು? ಸಾವಿರದೊಳಗೆ, ಹೊರಗೆ ಓಡಾಡುತ್ತ ಹಾಡು ಕೇಳುವುದೇ ಮುಖ್ಯವಾದರೆ, ವೈರ್ ಇರುವ, ಕಿವಿಯೊಳಗೆ ಕೂರುವ ಇಯರ್‌ಫೋನ್. ಇಂಪೀಡೆನ್ಸ್ (ವಿದ್ಯುತ್ ತಡೆ) 16 ಅಥವಾ 32 ಓಮ್ ಇದ್ದರೆ ಫೋನಿಗೆ ಸಾಕು. ಪಿನ್ನಿನ ಬುಡ ಗಟ್ಟಿ ಇರಲಿ, ವೈರ್ ಸಾಯುವುದು ಅಲ್ಲಿಯೇ. ಫೋನಿಗೆ ತೂತಿಲ್ಲದಿದ್ದರೆ ಟೈಪ್-ಸಿ ಪಿನ್ನಿನದು ಸಿಗುತ್ತದೆ. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬೇಡ. ಮೇ ತಿಂಗಳಲ್ಲಿ ಕೌತಾಳಂ ಬಿಸಿಲಿಗೆ ಅದನ್ನು ಹಾಕಿದರೆ ಕಿವಿ ಬೇಯುತ್ತದೆ. ವೈರ್ ಇಲ್ಲದ್ದೇ ಬೇಕು ಅನ್ನುವ ಹಟವಿದ್ದರೆ, ಡಬ್ಬಿ ಬಿಟ್ಟು ಬಡ್ಡಿನ ಗಂಟೆ ಎಷ್ಟು ಅಂತ ಮಾತ್ರ ಕೇಳಿ. ಅಂಗಡಿಯವನ ಗುದ್ದಿನ ಹಾಡಿಗೆ ಕಿವಿ ಕೊಡಬೇಡಿ. ನೀವು ನೂರು ಸಲ ಕೇಳಿದ ಹಾಡು ನಿಮ್ಮ ಫೋನಿನಲ್ಲೇ ಇರುತ್ತದೆ, ಅದನ್ನು ಹಾಕಿ. ಪದ ತಿಳಿಯದಿದ್ದರೆ ಪೆಟ್ಟಿಗೆ ವಾಪಸ್.

ಮತ್ತೆ ಬಿಲ್ ಕೇಳಿ. "ಬಿಲ್ ಬೇಕಂದ್ರೆ ಜಿಎಸ್‌ಟಿ ಬೇರೆ ಬೀಳ್ತದಣ್ಣಾ" ಅನ್ನುತ್ತಾನೆ. ಬೀಳುವುದಿಲ್ಲ. ಎಂಆರ್‌ಪಿ ಅಂದರೇನೇ ಎಲ್ಲ ತೆರಿಗೆ ಸೇರಿದ ಬೆಲೆ, ಶೇಕಡಾ 18ರ ಜಿಎಸ್‌ಟಿ ಅದರೊಳಗೇ ಇದೆ. ಬಿಲ್ ಇಲ್ಲದೆ ವಾರಂಟಿ ಬರೀ ಕಾಗದ. ಕೊಡುವುದಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.