ವಿಚಾರ ಕಾಕಾ

ಮಸ್ಕಿಯ ನಮ್ಮ ಓಣಿಯಲ್ಲಿ ಅವರಿಗೆ ಅಪ್ಪ ಇಟ್ಟ ಹೆಸರೊಂದಿದೆ. ಪೋಸ್ಟ್‌ಮ್ಯಾನ್ ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಏನು ಕೊಳ್ಳುವ ಮಾತೆತ್ತಿದರೂ ‘ವಿಚಾರ ಮಾಡೂಣ ತಗಿ’ ಎನ್ನುತ್ತಾರಾದ್ದರಿಂದ ಎಲ್ಲರಿಗೂ ಅವರು ವಿಚಾರ ಕಾಕಾ. ಬರೀ ಅನ್ನುವುದಲ್ಲ, ಮಾಡುತ್ತಾರೆ ಕೂಡ. ಟಿವಿಯ ವಿಚಾರ ಮುಗಿಯುವಷ್ಟರಲ್ಲಿ ಡಬ್ಬಾ ಟಿವಿ ಹೋಗಿ ಗೋಡೆಗೆ ನೇತುಹಾಕುವ ಟಿವಿ ಬಂದಿತ್ತು.

ಟ್ಯಾಬಿನ ವಿಚಾರ ಶುರುವಾಗಿದ್ದು 2011ರಲ್ಲಿ, ಕೇಂದ್ರ ಸರ್ಕಾರ ‘ಆಕಾಶ್’ ಎಂಬ ಅಗ್ಗದ ಟ್ಯಾಬು ತೋರಿಸಿದಾಗ. ‘ಇನ್ನಾ ಅಗ್ಗ ಆಗ್ತಾವ, ತಡಿ’ ಎಂದರು. ಆಮೇಲೆ ರಿಟೈರ್ ಆಗಲಿ ಎಂದರು, ಸಿಂಧನೂರು ಕಡೆಯ ಗದ್ದೆಯ ಭತ್ತ ಬರಲಿ ಎಂದರು. 2024ರ ಆಗಸ್ಟ್‌ನಲ್ಲಿ ಇನ್ನೇನು ದುಡ್ಡು ತೆಗೆಯಬೇಕು, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ‘ನೀರ ಇಲ್ಲಂದ್ರ ಭತ್ತ ಇಲ್ಲ, ಭತ್ತ ಇಲ್ಲಂದ್ರ ಟ್ಯಾಬ್ ಎಲ್ಲಿಂದು?’ ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಕಾಕಾ ಮಾತ್ರ ಇಳಿಯಲಿಲ್ಲ.

ಮಸ್ಕಿ ಇರುವುದು ಸಿಂಧನೂರು–ಲಿಂಗಸುಗೂರು ರಸ್ತೆಯ ನಡುವೆ. ವಿಚಾರ ಮಾಡುವವರು ಇರಬಾರದ ಜಾಗ. ಆ ಕಡೆಯ ಬಸ್ ಹತ್ತಿದರೂ ಅಂಗಡಿ, ಈ ಕಡೆಯದು ಹತ್ತಿದರೂ ಅಂಗಡಿ. ಸಿಂಧನೂರಿನ ರೇಟು ಲಿಂಗಸುಗೂರಿನಲ್ಲಿ ಹೇಳುವುದು, ಲಿಂಗಸುಗೂರಿನದು ಸಿಂಧನೂರಿನಲ್ಲಿ. ಇಷ್ಟು ವರ್ಷದ ಬಸ್ ಚಾರ್ಜು ಕೂಡಿಟ್ಟಿದ್ದರೆ ಟ್ಯಾಬಿನ ಜೊತೆ ಕವರೂ ಬರುತ್ತಿತ್ತು.

ಒಮ್ಮೆ ಸಿಂಧನೂರಿಗೆ ನಾನೂ ಹೋಗಿದ್ದೆ. ಅಂಗಡಿಯ ಹುಡುಗನ ಮುಂದೆ ಕಾಕಾ ಚೀಲದಿಂದ ಇನ್ನೂರು ಪುಟದ ನೋಟಬುಕ್ ತೆಗೆದರು. ಎಡಗಡೆ ‘ಬೇಕು’, ಬಲಗಡೆ ‘ಬ್ಯಾಡ’.

‘ತಮ್ಮಾ, ಇದರಾಗ ಸಿಮ್ ಹಾಕಾಕ ಬರ್ತೈತೇನು?’

‘ಇದು ವೈಫೈದ್ದು ರೀ ಕಾಕಾ. ಫೋನಿಂದ ಹಾಟ್‌ಸ್ಪಾಟ್ ಕೊಡಬೇಕು.’

ಕಾಕಾ ಬಲಗಡೆ ಬರೆದುಕೊಂಡರು: ‘ಕರಾ ಐತಿ, ಆಕಳ ಬ್ಯಾರೆ ಹಿಡೀಬೇಕು.’

ಆಮೇಲೆ ಕುರ್ಚಿ ಕೇಳಿ, ಹಿಂದಕ್ಕೆ ಒರಗಿ, ಮನೆಯಲ್ಲಿ ಮಲಗಿ ಪೇಪರ್ ಓದುವ ಹಾಗೆ ಹತ್ತಿಂಚಿನದನ್ನು ಒಂದೇ ಕೈಯಲ್ಲಿ ಮುಖದ ಮೇಲೆ ಹಿಡಿದರು. ಅದು ಸುಮಾರು ಅರ್ಧ ಕಿಲೋ ತೂಗುತ್ತದೆ. ಎರಡನೇ ನಿಮಿಷಕ್ಕೆ ಮೂಗಿನ ಮೇಲೆ ಬಿತ್ತು. ಹುಡುಗ ಗಾಬರಿಯಿಂದ ಒರೆಸಿದ, ಮೂಗನ್ನಲ್ಲ, ಟ್ಯಾಬನ್ನು. ಸಮಾಧಾನಕ್ಕೆ ಕಾಕಾನ ಪಹಣಿಯನ್ನೇ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ. ಕಾಕಾ ಬಗ್ಗಿ ನೋಡಿದರು. ‘ಅಕ್ಷರ ದೊಡ್ಡವು ಆದ್ವು. ಹೊಲ ಅಷ್ಟ ಐತಿ.’

ಕೊನೆಗೆ ಬಂತು ಅರ್ಜಿ ಪರೀಕ್ಷೆ. ಓಣಿಯ ನಲ್ಲಿ, ಚರಂಡಿ, ಬೀದಿದೀಪದ ಅರ್ಜಿಗಳೆಲ್ಲ ಕಾಕಾನ ಹಳೆಯ ಕಂಪ್ಯೂಟರಿನಲ್ಲಿ ಹುಟ್ಟಿದಂಥವು. ಪೆನ್‌ಡ್ರೈವ್ ಕೊಟ್ಟರು. ಹುಡುಗ ಒಂದು ಅರ್ಜಿ ತೆರೆದ. ‘ಮಾನ್ಯ ತಹಶೀಲ್ದಾರರಿಗೆ’ ಇರಬೇಕಾದಲ್ಲಿ ತಲೆಯ ಮೇಲೆ ಕೊಂಬು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ದಿಬ್ಬಣ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸದೆ ಟ್ಯಾಬಿನಲ್ಲಿ ಓದಲಾಗದು ಎಂದು ಹುಡುಗ ಹೇಳಿದ.

ಕಾಕಾ ಚಷ್ಮಾ ತೆಗೆದರು. ‘ನಮ್ಮೂರ ಬಂಡಿಗಲ್ಲಿನ ಮ್ಯಾಲೆ ಅಶೋಕ ಬರಿಸ್ಯಾನ, ನೋಡೀಯೇನು? 1915ರಾಗ ಬೀಡನ್ ಅನ್ನೋ ಇಂಜಿನಿಯರ್ ಬಂಗಾರ ಹುಡುಕ್ಯಾಡಾಕ ಬಂದಾವ ಕಂಡ. ಅಶೋಕ ಅಂತ ಹೆಸರ ಸೈತ ಓದಾಕ ಬಂತು. ಎರಡು ಸಾವಿರದ ಮ್ಯಾಲೆ ವರ್ಷ ಆತು, ಒಂದಿನ ಚಾರ್ಜಿಗೆ ಹಚ್ಚಿಲ್ಲ.’

ಹುಡುಗ ಟ್ಯಾಬನ್ನು ಮೆಲ್ಲಗೆ ಡಬ್ಬಿಗೆ ಹಾಕಿದ.

ಹಾಗೆ ನೋಡಿದರೆ ಕಾಕಾನ ಪ್ರಶ್ನೆಗಳು ತಪ್ಪೇನಲ್ಲ. ನೋಡುವ, ಓದುವ, ಮೊಮ್ಮಕ್ಕಳ ಮುಖ ಕಾಣುವ ಮನೆಗೆ ಟ್ಯಾಬು ಸಾಕು. ದಿನಕ್ಕೊಂದು ಅರ್ಜಿ ಹುಟ್ಟುವ ಮನೆಗೆ ಕೀಲಿಮಣೆಯೇ ಬೇಕು. ಇಷ್ಟನ್ನು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ಹೇಳಿಯೂ ಬಿಟ್ಟೆ. ಕಾಕಾನ ಮುಖ ಸಣ್ಣದಾಯಿತು. ಉತ್ತರ ಸಿಕ್ಕಿಬಿಟ್ಟರೆ ಮುಂದಿನ ಮಂಗಳವಾರ ಲಿಂಗಸುಗೂರಿಗೆ ಹೋಗುವುದು ಯಾಕೆ?

ಮನೆಗೆ ಬಂದೆವು. ಕಾಕಿ ರೊಟ್ಟಿ ಬಡಿಯುತ್ತಿದ್ದರು. ಎದುರಿಗೆ ಜೋಳದ ಹಿಟ್ಟಿನ ಡಬ್ಬಕ್ಕೆ ಒರಗಿ ನಿಂತಿತ್ತು ಒಂದು ಟ್ಯಾಬು. ಸರ್ಕಾರಿ ಕಾಲೇಜಿನ ಹುಡುಗರಿಗೆ 2021ರಲ್ಲಿ ರಾಜ್ಯ ಸರ್ಕಾರ ಹಂಚಿದ್ದು. ಮೊಮ್ಮಗಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋಗಿದ್ದಳು. ಕರೆಂಟು ಹೋಗಿ ಹಾಲಿನ ಟಿವಿ ಸತ್ತಿತ್ತು, ಕಾಕಿಯ ಸೀರಿಯಲ್ ನಡೆದೇ ಇತ್ತು. ಬೆರಳಿಗೆಲ್ಲ ಹಿಟ್ಟು. ಕಿರುಬೆರಳಿನ ಗೆಣ್ಣಿನಿಂದ ಒತ್ತಿ ಜಾಹೀರಾತು ದಾಟಿಸಿದರು. ಇಂಟರ್ನೆಟ್ ಎಲ್ಲಿಂದ ಎಂದು ಕೇಳಿದೆ. ಕಾಕಿ ಕಣ್ಣಲ್ಲೇ ಕಾಕಾನ ಜೇಬು ತೋರಿಸಿದರು. ದಿನಾ ಸಂಜೆಯೊಳಗೆ ಕಾಕಾನ ಡೇಟಾ ಮುಗಿಯುವುದರ ಗುಟ್ಟು ಅಲ್ಲಿತ್ತು.

‘ಏನ್ರೀ, ಇವತ್ತರ ತಂದ್ರೇನು?’ ಎಂದರು ಕಾಕಿ, ಪರದೆಯಿಂದ ಕಣ್ಣು ತೆಗೆಯದೆ.

‘ಇಲ್ಲ. ವಿಚಾರ ನಡದೈತಿ.’

‘ಮತ್ತ ಇದೇನೈತಿ?’

‘ಅದು ಸರ್ಕಾರದ್ದು. ನಾ ಮನಿಗೆ ಬೇಕಾದ್ದು ನೋಡಾಕತ್ತೀನಿ.’

ಲಿಂಗಸುಗೂರು ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡ ಹಿರಿಯರೊಬ್ಬರು ‘ನಿಮ್ಮ ಟ್ಯಾಬಿಗೆ ಎಷ್ಟು ಬಿತ್ತು ರೀ?’ ಎಂದು ಕೇಳಿದರೆ ದಯವಿಟ್ಟು ರೇಟು ಹೇಳಬೇಡಿ. ನೋಟಬುಕ್ಕಿನಲ್ಲಿ ಇನ್ನೂ ನಲವತ್ತು ಪುಟ ಖಾಲಿ ಇವೆ.