ದುಃಖ ದಾಸೋಹದ ಮಾಸ್ತರ್ರು

ಮಾಸ್ತರ್ರು ಕಾದಂಬರಿ ಓದುವುದು ಅಳಲಿಕ್ಕೆ. ಅಳು ಬರಿಸದ ಪುಸ್ತಕ ಅವರ ಲೆಕ್ಕದಲ್ಲಿ ನಪಾಸು. ಮೊದಲ ಐವತ್ತು ಪುಟದೊಳಗೆ ಮನೆಯ ಕಾಳುಕಡಿ ತೀರಬೇಕು, ನೂರರೊಳಗೆ ಅತ್ತೆ ಸೊಸೆಯನ್ನು ಹೊರಗೆ ಹಾಕಬೇಕು, ಇನ್ನೂರು ಮುಟ್ಟುವಷ್ಟರಲ್ಲಿ ಒಂದಾದರೂ ಹೆಣ ಬೀಳಬೇಕು. ಬೀಳದಿದ್ದರೆ "ಇವ್ರಿಗಿ ಬಾಳೇದ ಅನುಭವ ಇಲ್ರಿ" ಎಂದು ಲೇಖಕರನ್ನು ಅಲ್ಲಿಗೇ ಕೈಬಿಡುತ್ತಾರೆ.

ಊರು ಕಮಲಾಪುರ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರ್ ಆಗಿ ನಿವೃತ್ತರಾದವರು. ಸೋಮವಾರ ಬಂತೆಂದರೆ, ಅದರಲ್ಲೂ ಶ್ರಾವಣದ ಸೋಮವಾರ, ಬಸ್ಸು ಹಿಡಿದು ಕಲಬುರಗಿಗೆ ಬಂದು ಶರಣಬಸವೇಶ್ವರ ಗುಡಿಯಲ್ಲಿ ಹಾಜರಿ ಹಾಕುತ್ತಾರೆ. ಗದ್ದುಗೆಗೆ ಹಣೆ ಹಚ್ಚಿ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ದರ್ಬಾರು ಶುರು. ಕೈಚೀಲದಲ್ಲಿ ಊರಿನ ಹೆಸರಾಂತ ಕೆಂಪು ಬಾಳೆಹಣ್ಣು, ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ಒಂದು ಪುಸ್ತಕ. ಹತ್ತಕ್ಕೆ ಒಂಬತ್ತು ಸಲ ಅದು ಭೈರಪ್ಪನವರ 'ಗೃಹಭಂಗ'ವೇ. ಒಮ್ಮೆ ಇಸಿದುಕೊಂಡು ಪುಟ ತಿರುವಿದೆ. ಅಂಚಿನ ತುಂಬ ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯ ಷರಾ: "ಖರೇ ಅದ", "ನಮ್ಮ ಮನೆಯಲ್ಲೂ", ಒಂದು ಕಡೆಯಂತೂ "ಇದು ನಮಗಿಂತ ಕಮ್ಮಿ".

ಈ ಗುಡಿಯ ಮಹಿಮೆಯೇ ದಾಸೋಹ. ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರು (1746-1822) ಹಸಿದವರಿಗೆ ಅನ್ನ ಹಾಕಿದವರು, ಹೊಲಕ್ಕಿಳಿದ ಹಕ್ಕಿಗಳನ್ನೂ ಓಡಿಸದವರು ಎಂಬ ಕಥೆ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದೇ ಗುಡಿಯಲ್ಲಿ ಕೂತು ಮಾಸ್ತರ್ರು ನಡೆಸುವುದು ದುಃಖದ ದಾಸೋಹ. ಬಂದವರಿಗೆಲ್ಲ ಬಡಿಸುತ್ತಾರೆ. ಸಾಕ್ರಿ ಅಂದರೂ ಬಿಡುವುದಿಲ್ಲ.

1970ರಲ್ಲಿ ಬಂದ 'ಗೃಹಭಂಗ'ದ ಕಥೆ ಬಲ್ಲವರು ಬಲ್ಲರು. ತಿಪಟೂರು, ಚನ್ನರಾಯಪಟ್ಟಣದ ಸೀಮೆ. ಬಾಯಿ ತೆರೆದರೆ ಬೈಗುಳವೇ ಬರುವ ಅತ್ತೆ ಗಂಗಮ್ಮ. ಉಣ್ಣುವುದೊಂದು ಬಿಟ್ಟು ಬೇರೆ ಕೆಲಸ ಕಲಿಯದ ಗಂಡ ಚೆನ್ನಿಗರಾಯ. ಮುತ್ತುಗದೆಲೆ ಹಚ್ಚಿ ಮಾರಿ, ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆದು ಮಕ್ಕಳನ್ನು ಸಾಕಿದ ನಂಜಮ್ಮ. ಕಡೆಗೆ ಪ್ಲೇಗು ಬಂದು ಆ ಮನೆಯನ್ನು ಗುಡಿಸಿಹಾಕುತ್ತದೆ. ಭೈರಪ್ಪನವರು ಹುಡುಗನಾಗಿದ್ದಾಗ ಪ್ಲೇಗಿನಲ್ಲಿ ತಾಯಿ, ಒಡಹುಟ್ಟಿದವರನ್ನು ಕಳೆದುಕೊಂಡವರು. ಆ ನೋವು ಕಾದಂಬರಿಯ ಬುಡದಲ್ಲಿದೆ ಎಂದು ಓದುಗರು ಹೇಳುತ್ತಲೇ ಬಂದಿದ್ದಾರೆ.

ಮಾಸ್ತರ್ರಿಗೆ ಇದು ಕಾದಂಬರಿ ಅಲ್ಲ, ಸವಾಲು.

"ಏನ್ ಬಡತನ್ರಿ ಅವ್ರದು? ರಾಗಿ ಇತ್ತಲ್ರಿ! ಎಪ್ಪತ್ತೆರಡರ ಬರದಾಗ ನಾವ್ ರೇಷನ್ನಿನ ಕೆಂಪ್ ಜ್ವಾಳದ ರೊಟ್ಟಿ ತಿಂದೀವಿ. ಬಡದ್ರ ಗ್ವಾಡಿ ಒಡೀತಿತ್ತು."

ಪಕ್ಕದ ಕಂಬಕ್ಕೆ ಕೂತ ನಿವೃತ್ತ ಕಂಡಕ್ಟರ್ ಕಾಕಾ ಬಿಡುವವರಲ್ಲ. "ನಿಮಗ ರೊಟ್ಟಿರ ಸಿಕ್ಕಾದಲ್ಲ ಮಾಸ್ತರ್ರೆ. ನಮಗ ಬರೇ ಅಂಬಲಿ."

"ಅಂಬಲ್ಯಾಗ ಉಪ್ಪು ಇತ್ತಿಲ್ಲೋ?" ಎಂದರು ಸಾವ್ಕಾರರು.

"ಇತ್ತು."

"ಮತ್ತ! ನಮಗ ಉಪ್ಪೂ ಇದ್ದಿಲ್ಲ."

ಸಾವ್ಕಾರರ ತಂದೆಗೆ ನೆಹರೂ ಗಂಜಿನಲ್ಲಿ ಅಡತಿ ಅಂಗಡಿ ಇತ್ತು, ಉಪ್ಪಿನ ಚೀಲಗಳೂ ಅಲ್ಲೇ ಇಳಿಯುತ್ತಿದ್ದವು ಎಂಬುದು ಮೂವರಿಗೂ ಗೊತ್ತು. ಆದರೂ ಯಾರೂ ತಕರಾರು ತೆಗೆಯಲಿಲ್ಲ. ಈ ಆಟದ ನಿಯಮವೇ ಹಾಗೆ. ಇಂದು ಮೂರಂತಸ್ತಿನ ಮನೆ ಇದ್ದವರಿಗೆ ನಿನ್ನೆಯದೊಂದು ಜೋಪಡಿ ಬೇಕೇ ಬೇಕು. ಸೋಲೊಪ್ಪದ ಮಾಸ್ತರ್ರು ಕಡೆಯ ಅಸ್ತ್ರ ಬಿಟ್ಟರು. "ಕಮಲಾಪುರದಾಗ ಹುಟ್ಟಿ, ಹತ್ತು ವರ್ಷ ಆಗೋತನಕ ಕೆಂಪ್ ಬಾಳಿಹಣ್ಣಿನ ರುಚಿ ಗೊತ್ತಿದ್ದಿಲ್ಲ ನನಗ. ತ್ವಾಟದ ಬೇಲಿ ಹಿಡ್ಕೊಂಡು ಬರೇ ನೋಡೀನಿ." ಹೇಳುತ್ತ ಚೀಲದಿಂದ ಒಂದು ಹಣ್ಣು ತೆಗೆದು ಸುಲಿದು ತಿಂದರು. ಗೆದ್ದವರ ಹಕ್ಕು ಅದು.

ಇಂಥ ಓದುಗರನ್ನೆಲ್ಲ ಮಾತಾಡಿಸಿದ ಮೇಲೆ ನನಗೊಂದು ಗುಮಾನಿ. 'ಗೃಹಭಂಗ' ಓದಿದವರೆಲ್ಲ ನಂಜಮ್ಮಗಳೇ. ಗಂಡಸರಾದರೂ ನಂಜಮ್ಮಗಳೇ. ಗಂಗಮ್ಮ ಯಾವಾಗಲೂ ಪಕ್ಕದ ಮನೆಯಲ್ಲಿರುತ್ತಾಳೆ, ಚೆನ್ನಿಗರಾಯ ಅಂದರೆ ಅಳಿಯ. ಇಷ್ಟು ವರ್ಷದಲ್ಲಿ ಒಬ್ಬರಾದರೂ "ಇಲ್ಲಿ ನನ್ನನ್ನು ಬರೆದಾರೆ, ನಾನೇ ಆ ಗಂಗಮ್ಮ" ಎಂದು ಎದೆ ಮುಟ್ಟಿಕೊಂಡದ್ದನ್ನು ನಾನು ಕಂಡಿಲ್ಲ.

ಮಾಸ್ತರ್ರಿಗಂತೂ ಚೆನ್ನಿಗರಾಯನ ಹೆಸರು ಕೇಳಿದರೇ ಮೈ ಉರಿ. ಗಿರೀಶ ಕಾಸರವಳ್ಳಿ ಈ ಕಾದಂಬರಿಯನ್ನು ಟೀವಿಗೆ ಧಾರಾವಾಹಿ ಮಾಡಿದ್ದ ಕಾಲ. ಬಿಸಿಯೂಟ 2002ರಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲೇ ಮೊದಲು ಬಂದಿತ್ತು, 'ಅಕ್ಷರ ದಾಸೋಹ' ಎಂದು. ಎಷ್ಟು ಮಕ್ಕಳು ಉಂಡರು, ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ದಿನದ ಲೆಕ್ಕ ಬರೆಯುವುದು ಹೆಡ್‌ಮಾಸ್ತರ್ರ ಪಾಲಿಗೆ. ಮಾಸ್ತರ್ರು ಟೀವಿ ಮುಂದೆ ಕೂತು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ಕೂಗಿದರಂತೆ. "ಎಂಥಾ ಮನಿಷ್ಯಾ ನೋಡ ಇವ! ನೌಕರಿ ತಂದು, ಲೆಕ್ಕ ಮಾತ್ರ ಹೆಣ್ತಿ ಕೈಲಿ ಬರಸ್ತಾನ!" ಹಿಂದೆ ನೆಲದ ಮೇಲೆ ರಿಜಿಸ್ಟರ್ ಹರವಿಕೊಂಡು ಕೂತ ಮನೆಯವರು ತಲೆ ಎತ್ತದೆ ಅಂದರಂತೆ. "ಹೌದ್ರಿ, ಭಾಳ ಖರಾಬ್ ಮನಿಷ್ಯಾ. ಇಲ್ಲೊಂದು ಸಹಿ ಮಾಡ್ರಿ."

ಇದನ್ನು ನನಗೆ ಹೇಳಿದವರು ಮಾಸ್ತರ್ರೇ. ಹೆಂಡತಿಗೂ ಕಾದಂಬರಿ ಎಷ್ಟು ಮನಸ್ಸಿಗೆ ಹತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಹೇಳಿದರು.

ಗುಡಿಯ ಪ್ರಸಾದದ ಪಂಕ್ತಿಯಲ್ಲೂ ಉಪನ್ಯಾಸ ನಿಲ್ಲುವುದಿಲ್ಲ. "ಮಕ್ಕಳು ಉಪಾಸ ಅದಾವ, ಇವ ಎಲ್ಲಾ ತಾನೇ ತಿಂದು ಮಲಗ್ತಾನ. ಎಂಥಾ ಹೊಟ್ಟಿಬಾಕ! ತಮ್ಮಾ, ಹುಗ್ಗಿ ಇತ್ತ ಕಡಿ ಬರ್ಲಿ" ಎಂದು ಮೂರನೇ ಸಲ ತಾಟು ಮುಂದೆ ಮಾಡುತ್ತಾರೆ. ಬಡಿಸುವ ಹುಡುಗನಿಗೆ ಸಾಹಿತ್ಯದ ಗೊಡವೆ ಇಲ್ಲ, ಧಾರಾಳವಾಗಿ ಹಾಕುತ್ತಾನೆ.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಮಾಸ್ತರ್ರು ಖರೇವಂದ್ರೂ ಅತ್ತರು. ಮುಂದಿನ ಸೋಮವಾರ ನಮ್ಮನ್ನೆಲ್ಲ ಸೇರಿಸಿ ಶ್ರದ್ಧಾಂಜಲಿ ಭಾಷಣ ಮಾಡಿದರು. ಭಾಷಣದಲ್ಲಿ ಭೈರಪ್ಪನವರ ಹೆಸರು ಎರಡು ಸಲ ಬಂತು, ಬೇಲಿಯ ಬಾಳೆಹಣ್ಣು ಐದು ಸಲ.

ಅವರ ಅಳುವಿಗೆ ನಿಜವಾದ ಪರೀಕ್ಷೆ ಒಡ್ಡಿದವಳು ಸಾವ್ಕಾರರ ಮೊಮ್ಮಗಳು, ಎಂ.ಎ. ಓದುವ ಹುಡುಗಿ. "ಅಜ್ಜಾ, ಯಾವಾಗ ನೋಡಿದ್ರೂ ತಿಪಟೂರಂದೇ ಓದ್ತೀರಲ್ಲ, ನಮ್ಮ ಊರಿಂದು ಓದ್ರಿ" ಎಂದು ಗೀತಾ ನಾಗಭೂಷಣರ 'ಬದುಕು' ತಂದುಕೊಟ್ಟಳು. ಗೀತಾ ಅವರು ಇದೇ ತಾಲೂಕಿನ ಸಾವಳಗಿಯವರು, ಗಿರಣಿ ಕಾರ್ಮಿಕರ ಮಗಳು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಬರೆದದ್ದು ಕೂಲಿಯವರ, ದಲಿತರ, ಹೆಂಗಸರ ಬಾಳು; ಬರೆದ ಮಾತು ನಮ್ಮ ಓಣಿಯದು.

ಮುಂದಿನ ವಾರ ಮಾಸ್ತರ್ರು ಪುಸ್ತಕ ವಾಪಸು ತಂದರು. ಅಂಚು ಸ್ವಚ್ಛ. ಒಂದು ಷರಾ ಇಲ್ಲ.

"ಹ್ಯಾಂಗದರಿ ಅಜ್ಜಾ?"

"ಛಲೋ ಅದ. ಆದ್ರ ಭಾಷಾ ಭಾಳ ಒರಟು ಆಗ್ಯಾದವಾ. ಬೈಗುಳ ನೋಡು!"

"ಗಂಗಮ್ಮ ಬೈದ್ರ ನಡೀತದ?"

"ಅವು ತಿಪಟೂರ ಕಡೀ ಬೈಗುಳ. ಕೇಳ್ಲಾಕ ಛಂದ ಇರ್ತಾವ. ಇವು ನಮ್ಮ ಮನಿ ಬಾಜೂಕಿನವು. ಅದ್ರಾಗಿನ ದೊಡ್ಡ ಮಂದಿ ನೋಡಿದ್ರ ನಮ್ಮ ಬೀಗರ್ಹಂಗ ಕಾಣ್ತಾರ. ಅಳು ಬರಬೇಕಂದ್ರ ಹ್ಯಾಂಗ ಬರ್ತದ?"

ಐನೂರು ಕಿಲೋಮೀಟರ್ ಆಚೆಯ ದುಃಖಕ್ಕೆ ಧಾರಾಕಾರ ಸುರಿದ ಕಣ್ಣು, ಬಸ್ಸಿನ ಎರಡು ಸ್ಟಾಪಿನಾಚೆಯ ದುಃಖಕ್ಕೆ ಬತ್ತಿ ಹೋಗಿತ್ತು. ದೂರದ ಅತ್ತೆಯನ್ನು ಬೈದರೆ ಯಾರೂ ತಿರುಗಿ ಕೇಳುವುದಿಲ್ಲ. ಹತ್ತಿರದವಳನ್ನು ಬೈದರೆ ಸಂಜೆ ಮನೆಗೆ ಹೋಗಬೇಕಲ್ಲ?

ಆ ಸೋಮವಾರ ಮಾಸ್ತರ್ರ ಮನೆಯವರೂ ಗುಡಿಗೆ ಬಂದಿದ್ದರು. ಅವರು 'ಬದುಕು' ಪೂರಾ ಓದಿದ್ದರು. ನಡುನಡುವೆ ನಕ್ಕಿದ್ದರಂತೆ ಕೂಡ.

"ಅಳು ಬರ್ಲಿಲ್ಲೇನ್ರಿ ಅಮ್ಮಾ?" ಎಂದಳು ಹುಡುಗಿ.

"ಅದ್ರಾಗ ಅಳೋದೇನದವಾ? ನಮ್ಮತ್ತಿ ಇದ್ದಾಗಿನ ಮಾತೇ ಅವ ಎಲ್ಲಾ."

ಮಾಸ್ತರ್ರು ಕಂಬ ಬಿಟ್ಟು ನೆಟ್ಟಗಾದರು. "ನಮ್ಮವ್ವ ಅಂಥಾಕಿ ಇದ್ದಿಲ್ಲ!"

"ನಾ ಎಲ್ಲಿ ಅಂದೀನ್ರಿ? ಪುಸ್ತಕ ಅಂತದ."

ಕಂಡಕ್ಟರ್ ಕಾಕಾ ಕೆಮ್ಮಿದರು. ಸಾವ್ಕಾರರಿಗೆ ಅಪ್ಪನ ಕೆರಿ ಕಡೆ ತುರ್ತು ಕೆಲಸ ನೆನಪಾಯಿತು. ಮನೆಯವರು ಪ್ರಸಾದಕ್ಕೆ ಎದ್ದು ಹೋದ ಮೇಲೆ ಮಾಸ್ತರ್ರು ನನ್ನ ಕಡೆ ಸರಿದು ದನಿ ಇಳಿಸಿದರು. "ಸರ, ದುಃಖದ್ದೇ ಕೊಡ್ರಿ, ಆದ್ರ ಸ್ವಲ್ಪ ದೂರದ ಊರಿಂದು ಇರ್ಲಿ."

ಗಾರ್ಕಿಯ ಬಾಲ್ಯದ ಕಥೆ ಹೇಳಿದೆ. ಅಪ್ಪ ಸತ್ತ ಹುಡುಗ, ಮೈ ಬಾಸುಂಡೆ ಬರುವಂತೆ ಹೊಡೆಯುವ ಅಜ್ಜ, ಆಸ್ತಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಸೋದರಮಾವಂದಿರು.

ಮಾಸ್ತರ್ರ ಕಣ್ಣು ಆಗಲೇ ಒದ್ದೆ. "ಎಲ್ಲೀದ್ರಿ ಇದು?"

"ರಷ್ಯಾದ್ದು."

"ಕೊಡ್ರಿ, ಕೊಡ್ರಿ" ಎಂದರು ಟವೆಲ್ಲು ತೆಗೆಯುತ್ತ. "ಅಲ್ಲಿ ನಮ್ಮಾಕಿಗಿ ಪರಿಚಯದವ್ರು ಯಾರೂ ಇಲ್ಲ."